ಟ್ರೇನರ್ ಲೆವಲ್ ಏರಿದರೆ ಪೋಕೆಮಾನ್‌ಗೆ ಬಲ ಬರುತ್ತದಾ?

ಪ್ರಶ್ನೆ: ನಾನು ಕಲಬುರಗಿಯಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ. ಮೊಬೈಲ್‌ನಲ್ಲಿ ಪೋಕೆಮಾನ್ ಗೋ ಆಡುತ್ತೇನೆ (ಊರಲ್ಲಿ ಓಡಾಡುತ್ತ ಪೋಕೆಮಾನ್ ಅನ್ನುವ ಕಾಲ್ಪನಿಕ ಪ್ರಾಣಿಗಳನ್ನು ಹಿಡಿದು ಕಾದಾಡಿಸುವ ಆಟ), ನನ್ನ ಟ್ರೇನರ್ ಲೆವಲ್ 22. ಬೀದರಿನಲ್ಲಿರುವ ಕಾಕಾನ ಮಗನದು 38. ದೀಪಾವಳಿಗೆ ಅವನು ಬಂದಾಗ ಅಪ್ಪನ ಕೆರೆ ಹತ್ತಿರ ಇಬ್ಬರೂ ಪಕ್ಕಪಕ್ಕ ನಿಂತು ಮಾಚಾಪ್ ಅನ್ನುವ ಒಂದೇ ಪೋಕೆಮಾನ್ ಹಿಡಿದೆವು. ನನ್ನದರ ಸಿಪಿ (ಆಟ ತೋರಿಸುವ ಬಲದ ಅಂಕಿ) 610, ಅವನದು 984. ‘ಲೆವಲ್ ಜಾಸ್ತಿ ಇದ್ದವರ ಪೋಕೆಮಾನ್ ಜಾಸ್ತಿ ಹೊಡೆಯುತ್ತದೆ, ನೀನು ಏನು ಮಾಡಿದರೂ ಅಷ್ಟೇ’ ಅಂತಾನೆ. ನಿಜವೇ? ಲೆವಲ್ ಏರುವ ತನಕ ಸ್ಟಾರ್‌ಡಸ್ಟ್ (ಪೋಕೆಮಾನ್‌ನ ಬಲ ಏರಿಸಲು ಕೊಡುವ ಆಟದ ಹಣ) ಖರ್ಚು ಮಾಡದೆ ಇಡಬೇಕಾ? ಅವನ ಡ್ರಾಗನೈಟ್ ಅನ್ನುವ ದೊಡ್ಡ ಪೋಕೆಮಾನ್‌ನ ಟ್ರೇಡ್ (ಅದಲುಬದಲು) ಮಾಡಿಕೊಂಡರೆ ಬಲ ಹಾಗೇ ಉಳಿಯುತ್ತದಾ? ಇನ್ನೊಂದು: ಆನ್‌ಲೈನ್‌ನಲ್ಲಿ ಒಬ್ಬರು ಲೆವಲ್ 40ರ ಅಕೌಂಟ್ ಮಾರುತ್ತೇನೆ ಅಂತಿದ್ದಾರೆ. ತಗೊಳ್ಳಲಾ?

ಉತ್ತರ: ನಿಮ್ಮ ಕಾಕಾನ ಮಗ ಕಂಡಿದ್ದು ಸರಿ, ಅದಕ್ಕೆ ಕೊಟ್ಟ ಕಾರಣ ತಪ್ಪು. ಅವನ ಮಾಚಾಪ್ ಬಲವಾಗಿರುವುದು ನಿಜ. ಅದು ಅವನ ಲೆವಲ್ 38 ಅಂತ ಅಲ್ಲ, ಆ ಮಾಚಾಪ್‌ನದೇ ಲೆವಲ್ ಜಾಸ್ತಿ ಇದೆ ಅಂತ. ಈ ಆಟದಲ್ಲಿ ಎರಡು ಲೆವಲ್ ಇವೆ. ಒಂದು ನಿಮ್ಮದು, ಪರದೆ ಮೇಲೆ ಕಾಣುತ್ತದೆ. ಇನ್ನೊಂದು ಪ್ರತಿ ಪೋಕೆಮಾನ್‌ನದು, ಅದನ್ನು ಆಟ ಎಲ್ಲೂ ಅಂಕಿಯಲ್ಲಿ ತೋರಿಸುವುದಿಲ್ಲ. ಹೊಡೆದಾಟದ ಲೆಕ್ಕದಲ್ಲಿ ಬರುವುದು ಎರಡನೆಯದು ಮಾತ್ರ. ಟ್ರೇನರ್ ಲೆವಲ್ ಡ್ರೈವಿಂಗ್ ಲೈಸೆನ್ಸ್ ಇದ್ದ ಹಾಗೆ: ಯಾವ ಗಾಡಿ ಓಡಿಸಬಹುದು ಅಂತ ಹೇಳುತ್ತದೆ, ಇಂಜಿನ್‌ಗೆ ಬಲ ತುಂಬುವುದಿಲ್ಲ.

ನಿಮ್ಮ ಎರಡು ಮಾಚಾಪ್‌ಗಳನ್ನೇ ತಗೊಂಡು ಲೆಕ್ಕ ಮಾಡೋಣ. ಮಾಚಾಪ್ ಜಾತಿಗೆ ಆಟ ಕೊಟ್ಟಿರುವ ಮೂಲ ಅಂಕಿಗಳು ಅಟ್ಯಾಕ್ 137, ಡಿಫೆನ್ಸ್ 82, ಸ್ಟ್ಯಾಮಿನಾ 172. ಇವು ಎಲ್ಲರಿಗೂ ಒಂದೇ. ಇದಕ್ಕೆ ಹುಟ್ಟುಗುಣ ಸೇರುತ್ತದೆ. ಅದನ್ನೇ ಆಟಗಾರರು ಐವಿ ಅನ್ನುತ್ತಾರೆ, ಮೂರಕ್ಕೂ ಬೇರೆ ಬೇರೆಯಾಗಿ 0ಯಿಂದ 15ರ ತನಕ. ನಿಮ್ಮ ಎರಡರದ್ದೂ 10-10-10 ಅಂತ ಇಟ್ಟುಕೊಳ್ಳೋಣ. ಆಗ ಅಂಕಿಗಳು 147, 92, 182 ಆದವು. ಈಗ ಲೆವಲ್‌ನ ಗುಣಕ ಬರುತ್ತದೆ. ಲೆವಲ್ 1ಕ್ಕೆ 0.094, ಲೆವಲ್ 18ಕ್ಕೆ ಸುಮಾರು 0.567, ಲೆವಲ್ 29ಕ್ಕೆ 0.719. ಮೂರೂ ಅಂಕಿಗಳನ್ನು ಈ ಗುಣಕದಿಂದ ಗುಣಿಸಿದರೆ ಬರುವುದೇ ಅದರ ನಿಜವಾದ ಬಲ. ಸಿಪಿ ಅನ್ನುವುದು ಇವನ್ನೆಲ್ಲ ಸೇರಿಸಿ ಮಾಡಿದ ಒಂದು ಒಟ್ಟು ಅಂಕಿ: ಗುಣಕ ಹಾಕುವ ಮುಂಚಿನ ಅಂಕಿಗಳಲ್ಲಿ ಅಟ್ಯಾಕ್ ಅನ್ನು ಡಿಫೆನ್ಸ್‌ನ ವರ್ಗಮೂಲದಿಂದ, ಆಮೇಲೆ ಸ್ಟ್ಯಾಮಿನಾದ ವರ್ಗಮೂಲದಿಂದ, ಆಮೇಲೆ ಗುಣಕದ ವರ್ಗದಿಂದ ಗುಣಿಸಿ, 10ರಿಂದ ಭಾಗಿಸುವುದು. ಕ್ಯಾಲ್ಕುಲೇಟರ್ ತಗೊಂಡು ಹಾಕಿ ನೋಡಿ. ಲೆವಲ್ 18ಕ್ಕೆ 610 ಬರುತ್ತದೆ, ಲೆವಲ್ 29ಕ್ಕೆ 984.

ಈ ಸೂತ್ರದಲ್ಲಿ ಆಡುವವರ ಲೆವಲ್ ಎಲ್ಲಾದರೂ ಕಂಡಿತಾ? ಇಲ್ಲವೇ ಇಲ್ಲ. ನಿಮ್ಮ 610ರ ಮಾಚಾಪ್‌ಗೆ ಪವರ್ ಅಪ್ ಮಾಡುತ್ತ, ಅಂದರೆ ಸ್ಟಾರ್‌ಡಸ್ಟ್ ಮತ್ತು ಆ ಜಾತಿಯ ಕ್ಯಾಂಡಿ ಕೊಟ್ಟು ಲೆವಲ್ ಏರಿಸುತ್ತ ಹೋಗಿ ಲೆವಲ್ 29ಕ್ಕೆ ತಂದರೆ ಅದೂ 984 ಆಗುತ್ತದೆ, ಅವನದರಷ್ಟೇ ಹೊಡೆಯುತ್ತದೆ. ಅದಕ್ಕಾಗಿ ನಿಮ್ಮ ಟ್ರೇನರ್ ಲೆವಲ್ ಒಂದೂ ಏರಬೇಕಾಗಿಲ್ಲ. ಮೂಲ ವಿಡಿಯೋ ಗೇಮ್‌ಗಳಲ್ಲಿ, ಅಂದರೆ ನಿಂಟೆಂಡೊದ ಪೋಕೆಮಾನ್ ಆಟಗಳಲ್ಲಿ, ಬ್ಯಾಡ್ಜ್ (ಜಿಮ್ ಗೆದ್ದ ಗುರುತು) ಇಲ್ಲದವರ ಕೈಗೆ ಬೇರೆಯವರ ದೊಡ್ಡ ಲೆವಲ್‌ನ ಪೋಕೆಮಾನ್ ಬಂದರೆ ಮಾತು ಕೇಳದೆ ಸತಾಯಿಸುತ್ತದೆ. ಗೋದಲ್ಲಿ ಆ ಕಾಟವೂ ಇಲ್ಲ.

ಪೋಕೆಮಾನ್‌ನ ಲೆವಲ್ ಕಾಣುವುದಿಲ್ಲ ಅಂದೆ, ಅದನ್ನು ಕಂಡುಹಿಡಿಯುವ ಸುಲಭ ದಾರಿ ಇದೆ. ಪವರ್ ಅಪ್ ಬಟನ್ ಪಕ್ಕದಲ್ಲಿ ಎಷ್ಟು ಸ್ಟಾರ್‌ಡಸ್ಟ್ ಕೇಳುತ್ತಿದೆ ನೋಡಿ. 2,200 ಅಂತಿದ್ದರೆ ಅದು 17ರಿಂದ 18.5ರ ನಡುವೆ ಇದೆ. 2,500 ಇದ್ದರೆ 19ರಿಂದ 20.5. 5,000 ಇದ್ದರೆ 29ರಿಂದ 30.5. ಒಂದು ಪವರ್ ಅಪ್‌ಗೆ ಅರ್ಧ ಲೆವಲ್ ಏರುತ್ತದೆ. ಟ್ರೇಡ್‌ನಲ್ಲಿ ಅಪರೂಪಕ್ಕೆ ಸಿಗುವ ಲಕ್ಕಿ ಪೋಕೆಮಾನ್‌ಗೆ ಅರ್ಧ ಬೆಲೆ, ಆಟದ ಖಳರಿಂದ ಬಿಡಿಸಿ ತಂದ ಶಾಡೋಗೆ ಸ್ವಲ್ಪ ಜಾಸ್ತಿ, ಆ ಶಾಡೋನ ಶುದ್ಧ ಮಾಡಿದ ಪ್ಯೂರಿಫೈಡ್‌ಗೆ ಸ್ವಲ್ಪ ಕಡಿಮೆ. ಆ ಮೂರನ್ನು ಬಿಟ್ಟು ಉಳಿದ ಎಲ್ಲಕ್ಕೂ ಈ ಲೆಕ್ಕ ನಡೆಯುತ್ತದೆ. ಇನ್ನು ಮುಂದೆ ಯಾರಾದರೂ ಸಿಪಿ ತೋರಿಸಿ ಬೀಗಿದರೆ ಮೊದಲು ಆ ಅಂಕಿ ನೋಡಿ.

ಹಾಗಾದರೆ ಟ್ರೇನರ್ ಲೆವಲ್‌ನಿಂದ ಏನೂ ಇಲ್ಲವಾ ಅಂದರೆ, ಇದೆ. ಮುಖ್ಯವಾಗಿ ಎರಡು ಕಡೆ.

ಒಂದು, ಕಾಡಿನಲ್ಲಿ, ಅಂದರೆ ರಸ್ತೆಯಲ್ಲಿ ಸುಮ್ನೆ ಓಡಾಡುವಾಗ ಸಿಗುವ ಪೋಕೆಮಾನ್‌ಗಳ ಲೆವಲ್. ಅದು ನಿಮ್ಮ ಲೆವಲ್‌ಗಿಂತ ಮೇಲೆ ಹೋಗುವುದಿಲ್ಲ. ನಿಮಗೆ 22ರ ಒಳಗೆ ಎಷ್ಟಾದರೂ ಬರಬಹುದು. 30 ದಾಟಿದವರಿಗೆ ಅದು 30ಕ್ಕೇ ನಿಲ್ಲುತ್ತದೆ. ನಿಮ್ಮ ಕಾಕಾನ ಮಗ 38 ಆದರೂ, ನಾಳೆ 60 ಆದರೂ ಅವನಿಗೆ ಸಿಗುವುದು 30ರ ಒಳಗಿನದೇ. ಇಬ್ಬರೂ ಒಂದೇ ಜಾಗದಲ್ಲಿ ಒಂದೇ ಮಾಚಾಪ್ ಕಂಡಿರಿ ನಿಜ, ಆಟ ಮಾತ್ರ ನಿಮಗೆ ಬೇರೆ ಲೆವಲ್‌ನದು, ಅವನಿಗೆ ಬೇರೆ ಲೆವಲ್‌ನದು ಕೊಟ್ಟಿದೆ. ಜಗಳದ ಮೂಲ ಇಷ್ಟೇ. ಇದರಲ್ಲಿ ನಿಮಗೊಂದು ಲಾಭವೂ ಇದೆ: ಲೆವಲ್ ಏರಿದಷ್ಟೂ ಪೋಕೆಮಾನ್ ಬಾಲ್‌ನಿಂದ ತಪ್ಪಿಸಿಕೊಳ್ಳುವುದು ಜಾಸ್ತಿ. ನಿಮ್ಮದು ಒಂದೇ ಬಾಲ್‌ಗೆ ಸಿಕ್ಕಿಬಿದ್ದು ಅವನದು ಮೂರು ಸಲ ಹಾರಿ ಹೊರಗೆ ಬಂದಿದ್ದರೆ ಆಶ್ಚರ್ಯವಿಲ್ಲ.

ಎರಡು, ಪವರ್ ಅಪ್‌ನ ಮಿತಿ. ಮೊದಲು ನಿಮ್ಮ ಲೆವಲ್‌ಗಿಂತ ಒಂದೆರಡು ಮೆಟ್ಟಿಲು ಮೇಲೆ ಹೋಗಲು ಮಾತ್ರ ಬಿಡುತ್ತಿದ್ದರು. 2022ರಲ್ಲಿ ಅದನ್ನು ನಿಮ್ಮ ಲೆವಲ್ ಕೂಡಿಸು 10 ಮಾಡಿದರು. ಅಂದರೆ ಇವತ್ತು ನೀವು ಯಾವ ಪೋಕೆಮಾನ್‌ನಾದರೂ 32ರ ತನಕ ಏರಿಸಬಹುದು. ನಿಮ್ಮ ಕಾಕಾನ ಮಗ 48ರ ತನಕ. ಕೇಳಲು ದೊಡ್ಡ ಅಂತರ, ಅಲ್ವಾ? ಅಷ್ಟು ದೊಡ್ಡದಲ್ಲ. ಯಾಕೆಂದರೆ ಗುಣಕ ಎಲ್ಲ ಕಡೆ ಒಂದೇ ವೇಗದಲ್ಲಿ ಏರುವುದಿಲ್ಲ. ಲೆವಲ್ 20ಕ್ಕೆ 0.5974 ಇದ್ದದ್ದು 30ಕ್ಕೆ 0.7317 ಆಗುತ್ತದೆ, ನೂರಕ್ಕೆ 22ರಷ್ಟು ಏರಿಕೆ. ಅಲ್ಲಿಂದ 40ಕ್ಕೆ 0.7903, ಬರೀ 8ರಷ್ಟು. 40ರಿಂದ 50ಕ್ಕೆ 0.8403, ಆರು ಚಿಲ್ಲರೆ. ಖರ್ಚು ಇದರ ಉಲ್ಟಾ. 20ರಿಂದ 30ಕ್ಕೆ 75,000 ಸ್ಟಾರ್‌ಡಸ್ಟ್ ಸಾಕು. 30ರಿಂದ 40ಕ್ಕೆ 1,50,000 ಬೇಕು. 40ರಿಂದ 50ಕ್ಕೆ 2,50,000, ಜೊತೆಗೆ 296 ಎಕ್ಸ್‌ಎಲ್ ಕ್ಯಾಂಡಿ (40ರ ಮೇಲೆ ಏರಿಸಲು ಬೇಕಾದ ಬೇರೆ ಬಗೆಯ ಕ್ಯಾಂಡಿ). ಈ ಎಕ್ಸ್‌ಎಲ್ ಕ್ಯಾಂಡಿ ನಿಮಗೆ ಲೆವಲ್ 31 ಆಗುವ ತನಕ ಸಿಗುವುದೇ ಇಲ್ಲ, ಹಾಗಾಗಿ ಆ ತಲೆನೋವು ಈಗಲೇ ಬೇಡ. ಬಲದ ದೊಡ್ಡ ಪಾಲು 30ರ ಒಳಗೇ ಮುಗಿದಿರುತ್ತದೆ, ಅಲ್ಲಿಗೆ ತಲುಪಲು ನಿಮಗೆ ಇವತ್ತೇ ಅನುಮತಿ ಇದೆ.

ಆಟದವರು ಟ್ರೇನರ್ ಲೆವಲ್ ಮಿತಿಯನ್ನು ಏರಿಸುತ್ತಲೇ ಬಂದಿದ್ದಾರೆ. ಶುರುವಿನಲ್ಲಿ 40 ಇತ್ತು, 2020ರ ನವೆಂಬರ್ ಕೊನೆಗೆ 50 ಆಯಿತು, 2025ರ ಅಕ್ಟೋಬರ್‌ನಲ್ಲಿ 80. ಪೋಕೆಮಾನ್‌ನ ಲೆವಲ್ ಮಾತ್ರ 50ಕ್ಕೇ ನಿಂತಿದೆ. ಒಂದನ್ನು ಬೆಸ್ಟ್ ಬಡ್ಡಿ (ಬಹಳ ದಿನ ಜೊತೆಗೆ ಓಡಾಡಿಸಿ ಆಪ್ತವಾದ ಸಂಗಾತಿ) ಮಾಡಿಕೊಂಡು ಜೊತೆಯಲ್ಲಿ ಇಟ್ಟುಕೊಂಡರೆ ಇನ್ನೊಂದು ಲೆವಲ್ ಸೇರುತ್ತದೆ, ಅಷ್ಟೇ.

ಈಗ ಸಿಪಿ ಬಗ್ಗೆ ಒಂದು ಮಾತು, ಯಾಕೆಂದರೆ ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. ಸೂತ್ರದಲ್ಲಿ ಗುಣಕ ವರ್ಗವಾಗಿ ಬರುತ್ತದೆ ಅಂದೆನಲ್ಲ, ಅದರಿಂದ ಸಿಪಿ ನಿಜವಾದ ಬಲಕ್ಕಿಂತ ಜೋರಾಗಿ ಓಡುತ್ತದೆ. ಮೂರೂ ಐವಿ 15 ಇರುವ ಡ್ರಾಗನೈಟ್ ತಗೊಳ್ಳಿ. ಲೆವಲ್ 20ರಲ್ಲಿ ಅದರ ಸಿಪಿ 2167. 30ರಲ್ಲಿ 3251, 40ರಲ್ಲಿ 3792, 50ರಲ್ಲಿ 4287. 20ರಿಂದ 40ಕ್ಕೆ ಸಿಪಿ ನೂರಕ್ಕೆ 75ರಷ್ಟು ಏರಿದ ಹಾಗೆ ಕಾಣುತ್ತದೆ. ಅಟ್ಯಾಕ್ ಏರಿದ್ದು ಮಾತ್ರ 166ರಿಂದ ಸುಮಾರು 220ಕ್ಕೆ, ಅಂದರೆ 32ರಷ್ಟು. ಐವಿಯ ಕಥೆಯೂ ಇದೇ. ಅಟ್ಯಾಕ್ ಐವಿ 0 ಇರುವ ಡ್ರಾಗನೈಟ್‌ಗೂ 15 ಇರುವುದಕ್ಕೂ ಹೊಡೆತದಲ್ಲಿ ಇರುವ ವ್ಯತ್ಯಾಸ ನೂರಕ್ಕೆ ಆರಕ್ಕಿಂತ ಕಡಿಮೆ. ಅದಕ್ಕಾಗಿ ನಾಲ್ಕು ನಕ್ಷತ್ರ (ಅಂದರೆ ಮೂರೂ ಐವಿ 15) ಬರುವ ತನಕ ಏನನ್ನೂ ಬೆಳೆಸದೆ ಕೂರುವವರನ್ನು ಕಂಡರೆ ನನಗೆ ಪಾಪ ಅನಿಸುತ್ತದೆ.

ಇದಕ್ಕೆ ಎದುರಾಗಿ ಟೈಪ್ ನೋಡಿ, ಅಂದರೆ ಪೋಕೆಮಾನ್‌ನ ಮತ್ತು ಅದರ ಹೊಡೆತದ ಬಗೆ: ಫೈರ್, ವಾಟರ್, ರಾಕ್ ಹೀಗೆ. ಎದುರಾಳಿಗೆ ಆಗದ ಟೈಪ್‌ನಿಂದ ಹೊಡೆದರೆ ಏಟು 1.6 ಪಟ್ಟು. ಎದುರಾಳಿಯ ಎರಡೂ ಟೈಪ್‌ಗೆ ಆಗದಿದ್ದರೆ 2.56 ಪಟ್ಟು. ರೇಡ್‌ನಲ್ಲಿ (ದೊಡ್ಡ ಪೋಕೆಮಾನ್ ಒಂದನ್ನು ಸೋಲಿಸಿ ಆಮೇಲೆ ಹಿಡಿಯುವ ಹೋರಾಟ) ಟೈರಾನಿಟಾರ್ ಬಂದಿದೆ ಅಂದುಕೊಳ್ಳಿ. ಅದು ರಾಕ್ ಮತ್ತು ಡಾರ್ಕ್, ಎರಡಕ್ಕೂ ಫೈಟಿಂಗ್ ಆಗದು. ನಿಮ್ಮ ಮಾಚಾಪ್ ಬೆಳೆದು ಮಾಚಾಂಪ್ ಆಗಿ ಲೆವಲ್ 20ರಲ್ಲಿ ಇದ್ದರೆ ಅದರ ಅಟ್ಯಾಕ್ ಸುಮಾರು 146. ಅದನ್ನು 2.56ರಿಂದ ಗುಣಿಸಿದರೆ 373. ಲೆವಲ್ 40ರ ಪೂರ್ತಿ ಐವಿಯ ಡ್ರಾಗನೈಟ್ ಡ್ರಾಗನ್ ಟೈಪ್‌ನ ಮೂವ್ (ಹೊಡೆತ) ಹೊಡೆದರೆ ಅದರ 220 ಹಾಗೇ 220. ಮೂವ್‌ಗಳ ಪವರ್ ಒಂದೇ ಅಂತ ಇಟ್ಟುಕೊಂಡರೆ ನಿಮ್ಮ ‘ಸಣ್ಣ’ ಮಾಚಾಂಪ್ ಆ ಡ್ರಾಗನೈಟ್‌ಗಿಂತ ಒಂದೂವರೆ ಪಟ್ಟು ಮೀರಿ ಹೊಡೆಯುತ್ತದೆ. ಕಾಕಾನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಇದನ್ನು ಮಾಡಿ ತೋರಿಸಿ.

ಸ್ಟಾರ್‌ಡಸ್ಟ್ ಪ್ರಶ್ನೆಗೆ ಬರೋಣ. ಲೆವಲ್ ಏರುವ ತನಕ ಕೂಡಿಡಬೇಕಾ ಅಂತ ಕೇಳಿದ್ದೀರಿ. ಕೂಡಿಡಿ ಅಂತಲೂ ಅಲ್ಲ, ಸುರಿಯಿರಿ ಅಂತಲೂ ಅಲ್ಲ. ರಸ್ತೆಯಲ್ಲಿ ಸಿಕ್ಕ ಕಡಿಮೆ ಲೆವಲ್‌ನದಕ್ಕೆ ಹಾಕಬೇಡಿ. ನಿಮ್ಮ ಮಾಚಾಪ್‌ನ 18ರಿಂದ 29ಕ್ಕೆ ತರಲು 74,400 ಸ್ಟಾರ್‌ಡಸ್ಟ್ ಮತ್ತು 66 ಕ್ಯಾಂಡಿ ಬೇಕು. ಸಾಮಾನ್ಯ ಪೋಕೆಮಾನ್ ಒಂದನ್ನು ಹಿಡಿದರೆ ಸಿಗುವುದು 100. ಅಂದರೆ 744 ಹಿಡಿಯಬೇಕು! ನಿಮ್ಮ ಲೆವಲ್ ಏರಿದ ಮೇಲೆ ಅದೇ ಮಾಚಾಪ್ ಲೆವಲ್ 29ರಲ್ಲಿ ಪುಕ್ಕಟೆ ಸಿಗುತ್ತದೆ.

ರೇಡ್‌ನಲ್ಲಿ ಹಿಡಿದದ್ದು ಬೇರೆ ಮಾತು. ಅಲ್ಲಿ ಸಿಗುವುದು ಯಾವಾಗಲೂ ಲೆವಲ್ 20, ನೀವು 8 ಇರಿ, 80 ಇರಿ. ಹವಾಮಾನ ಹೊಂದಿದರೆ 25. ಶಾಡೋ ರೇಡ್ ಬಿಟ್ಟರೆ ಮೂರೂ ಐವಿ 10ಕ್ಕಿಂತ ಕೆಳಗೆ ಬರುವುದಿಲ್ಲ. ನಿಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಇಲ್ಲ. ಲೆವಲ್ 22ರ ನಿಮಗೆ 25ರ ಪೋಕೆಮಾನ್ ಕೈಗೆ ಬರುತ್ತದೆ, ಅದೂ ಲೆವಲ್ 38ರವನಿಗೆ ಸಿಕ್ಕಷ್ಟೇ ಬಲದ್ದು. ದಿನಕ್ಕೊಂದು ಪುಕ್ಕಟೆ ಪಾಸ್ ಇದೆ, ಅದನ್ನು ಬಿಡಬೇಡಿ. ದೊಡ್ಡ ರೇಡ್‌ಗೆ ಒಬ್ಬರಿಂದ ಆಗುವುದಿಲ್ಲ, ಊರಲ್ಲಿ ಆಡುವ ನಾಲ್ಕೈದು ಮಂದಿ ಜೊತೆಯಾಗಬೇಕು. ಮೊಟ್ಟೆಯಿಂದ ಬಂದದ್ದೂ ನಿಮಗೆ ಲೆವಲ್ 20ರಲ್ಲೇ ಬರುತ್ತದೆ. ರಿಸರ್ಚ್ ಕೆಲಸಕ್ಕೆ ಕೊಡುವುದು 15. ಸ್ಟಾರ್‌ಡಸ್ಟ್ ಹಾಕುವುದಾದರೆ ರೇಡ್‌ನಲ್ಲಿ ಹಿಡಿದ, ಬಹಳ ಕಡೆ ಕೆಲಸಕ್ಕೆ ಬರುವ ಎರಡು ಮೂರಕ್ಕೆ ಹಾಕಿ, 30ರ ಸುತ್ತ ನಿಲ್ಲಿಸಿ.

ಇಲ್ಲಿ ಕಲಬುರಗಿಯ ಬಿಸಿಲು ನಿಮ್ಮ ಕಡೆಗಿದೆ. 2017ರ ಡಿಸೆಂಬರ್‌ನಿಂದ ಆಟ ಊರಿನ ಹವಾಮಾನ ನೋಡಿ ಕೆಲವು ಟೈಪ್‌ಗಳಿಗೆ ಬಲ ಕೊಡುತ್ತದೆ. ಆಕಾಶ ನಿಚ್ಚಳವಾಗಿದ್ದರೆ ಫೈರ್, ಗ್ರಾಸ್, ಗ್ರೌಂಡ್. ರಾತ್ರಿ ನಕ್ಷತ್ರ ಕಾಣುವಂತಿದ್ದರೂ ಇವೇ. ನಮ್ಮ ಬಿಸಿಲು ನಾಡಿನಲ್ಲಿ ವರ್ಷದ ಬಹುಭಾಗ ಇದೇ ಕಥೆ. ಆ ಹೊತ್ತಿಗೆ ಸಿಗುವ ಈ ಮೂರು ಟೈಪ್‌ನವು 5 ಲೆವಲ್ ಮೇಲೆ ಬರುತ್ತವೆ. ನಿಮ್ಮ ಮಿತಿ 22 ಇದ್ದದ್ದು 27 ಆಯಿತು ನೋಡಿ. ಐವಿ 4ಕ್ಕಿಂತ ಕಡಿಮೆ ಇರುವುದಿಲ್ಲ, ಸ್ಟಾರ್‌ಡಸ್ಟ್ 100ರ ಬದಲು 125. ಗ್ರೌಂಡ್ ಟೈಪ್‌ನ ಗ್ರೌಡಾನ್ ರೇಡ್‌ಗೆ ಬಂದಾಗ ಬಿಸಿಲಿದ್ದರೆ ಪೂರ್ತಿ ಐವಿಯದು 2939 ಸಿಪಿಯಲ್ಲಿ ಸಿಗುತ್ತದೆ, ಹವಾಮಾನ ಹೊಂದದ ಊರಿನಲ್ಲಿ 2351. ಹೊಡೆದಾಟದಲ್ಲೂ ಹೊಂದಿದ ಟೈಪ್‌ನ ಮೂವ್‌ಗೆ 1.2 ಪಟ್ಟು ಏಟು. ಮಾಚಾಪ್‌ನಂಥ ಫೈಟಿಂಗ್ ಬೇಕಾದರೆ ಮೋಡ ಕವಿದ ದಿನ ಹೊರಡಿ, ಶ್ರಾವಣದಲ್ಲಿ ಅದಕ್ಕೆ ಬರವಿಲ್ಲ. ಮಳೆ ಬಿದ್ದರೆ ವಾಟರ್, ಎಲೆಕ್ಟ್ರಿಕ್, ಬಗ್. ಐಸ್ ಮತ್ತು ಸ್ಟೀಲ್‌ಗೆ ಹಿಮ ಬೀಳಬೇಕು, ಆ ಆಸೆ ಬಿಟ್ಟುಬಿಡಿ. ಆದರೆ ಮಾರ್ಚ್, ಏಪ್ರಿಲ್, ಮೇನಲ್ಲಿ ಫೈರ್ ಟೈಪ್ ಬಲವಾಗಿದೆ ಅಂತ ಮಧ್ಯಾಹ್ನ ಕೋಟೆ ಸುತ್ತಲು ಹೋಗಬೇಡಿ. ಸಂಜೆ ಆರರ ಮೇಲೂ ಆಕಾಶ ನಿಚ್ಚಳವೇ ಇರುತ್ತದೆ, ಲಾಭವೂ ಅಷ್ಟೇ.

ಇನ್ನು ನಿಮ್ಮ 610ರ ಮಾಚಾಪ್. ದಯವಿಟ್ಟು ಅದನ್ನು ಟ್ರಾನ್ಸ್‌ಫರ್ ಮಾಡಿ, ಅಂದರೆ ಕ್ಯಾಂಡಿಗಾಗಿ ಕೊಟ್ಟು ಕಳೆದುಕೊಂಡುಬಿಡಬೇಡಿ. ಬೆಳೆದು ರೂಪ ಬದಲಾದರೂ ಪೋಕೆಮಾನ್‌ನ ಲೆವಲ್, ಐವಿ ಬದಲಾಗುವುದಿಲ್ಲ. ಮಾಚಾಂಪ್‌ನ ಮೂಲ ಅಂಕಿಗಳು 234, 159, 207. ಐವಿ 10-10-10 ಇದ್ದು ಲೆವಲ್ 18ರಲ್ಲೇ ಮಾಚಾಂಪ್ ಮಾಡಿದರೆ ಅದರ ಸಿಪಿ ಎಷ್ಟಾಗುತ್ತದೆ ಗೊತ್ತಾ? ಸರಿಯಾಗಿ 1500. ಆಟಗಾರರು ಒಬ್ಬರಿಗೊಬ್ಬರು ಆಡುವ ಗ್ರೇಟ್ ಲೀಗ್‌ನ ಮಿತಿಯೂ 1500! ಅವನ 984ರದು ಮಾಚಾಂಪ್ ಆದರೆ 2418 ಆಗುತ್ತದೆ, ಗ್ರೇಟ್ ಲೀಗ್‌ನ ಬಾಗಿಲಲ್ಲೇ ನಿಲ್ಲಬೇಕು. 2500 ಮಿತಿಯ ಅಲ್ಟ್ರಾ ಲೀಗ್‌ಗೆ ಹೋಗಬಹುದು ಬಿಡಿ, ಅಲ್ಲಿ ಎದುರಾಳಿಗಳೂ ದೊಡ್ಡವರೇ. ನಾನು ಐವಿ ಊಹಿಸಿದ್ದೇನೆ, ನಿಮ್ಮದು ನಿಜಕ್ಕೂ ಎಷ್ಟು ಅಂತ ಆಟದಲ್ಲಿರುವ ಅಪ್ರೈಸ್ ಬಟನ್ ಒತ್ತಿ ನೋಡಿಕೊಳ್ಳಿ. ಮಿತಿ ಇರುವ ಲೀಗ್‌ಗಳಲ್ಲಿ ಅಟ್ಯಾಕ್ ಐವಿ ಕಡಿಮೆ ಇದ್ದು ಉಳಿದೆರಡು ಜಾಸ್ತಿ ಇರುವುದು ಇನ್ನೂ ಲೇಸು, ಯಾಕೆಂದರೆ ಸಿಪಿಯನ್ನು ಬೇಗ ಉಬ್ಬಿಸುವುದು ಅಟ್ಯಾಕ್. ಅಂದರೆ ಅಲ್ಲಿ ಲೆವಲ್ 22 ಮತ್ತು ಲೆವಲ್ 38 ಸರಿಸಮ, ಗೆಲ್ಲುವುದು ಬಿಡುವುದು ಆಡುವ ಕೈಗೆ ಸೇರಿದ್ದು.

ಟ್ರೇಡ್ ವಿಷಯ. ಡ್ರಾಗನೈಟ್ ನಿಮ್ಮ ಕೈಗೆ ಬಂದ ಕೂಡಲೇ ಅದರ ಐವಿ ಹೊಸದಾಗಿ ಹಾಕಲಾಗುತ್ತದೆ, ಜಾಸ್ತಿಯೂ ಆಗಬಹುದು ಕಡಿಮೆಯೂ ಆಗಬಹುದು. ನಿಮ್ಮ ಮಿತಿಗಿಂತ ಮೇಲಿನ ಲೆವಲ್‌ನದಾದರೆ ಆಟ ಅದನ್ನು ಮಿತಿಗೆ ಇಳಿಸುತ್ತದೆ, ಅವನು ಹಾಕಿದ ಸ್ಟಾರ್‌ಡಸ್ಟ್ ಅಷ್ಟು ನೀರಿಗೆ ಹೋದ ಹಾಗೆ. ಒಮ್ಮೆ ಟ್ರೇಡ್ ಆದದ್ದನ್ನು ಮತ್ತೆ ಟ್ರೇಡ್ ಮಾಡಲು ಬರುವುದಿಲ್ಲ, ವಾಪಸ್ ಕೊಡುವ ಮಾತೇ ಇಲ್ಲ. ನಿಮ್ಮ ಪೋಕೆಡೆಕ್ಸ್‌ನಲ್ಲಿ (ನೀವು ಹಿಡಿದ ಜಾತಿಗಳ ಪಟ್ಟಿ) ಡ್ರಾಗನೈಟ್ ಇನ್ನೂ ಇಲ್ಲದಿದ್ದರೆ, ಆಟದ ಗೆಳೆತನದ ಮೆಟ್ಟಿಲಲ್ಲಿ ಇಬ್ಬರೂ ಗುಡ್ ಫ್ರೆಂಡ್ ಆಗಿದ್ದಾಗ 20,000 ಸ್ಟಾರ್‌ಡಸ್ಟ್ ಬೇಕು, ಬೆಸ್ಟ್ ಫ್ರೆಂಡ್ ಆದ ಮೇಲೆ ಬರೀ 800. ದಿನಾ ಗಿಫ್ಟ್ ಕಳಿಸುತ್ತ ಕಾಯಿರಿ. ಅವನು ಬೆಳೆಸಿ ಮುಗಿಸಿದ ಡ್ರಾಗನೈಟ್‌ನ ಕೇಳಬೇಡಿ, ಬೆಳೆಸದೆ ಇಟ್ಟಿರುವುದನ್ನು ಕೇಳಿ.

ಅದಕ್ಕಿಂತ ಜಾಣತನದ ಟ್ರೇಡ್ ಬೇರೆ ಇದೆ. ಮಾಚಾಪ್‌ಗೂ ಮಾಚಾಂಪ್‌ಗೂ ನಡುವಿನ ರೂಪವಾದ ಮಾಚೋಕ್‌ನ ಟ್ರೇಡ್ ಮಾಡಿದರೆ ಆಮೇಲೆ ಅದನ್ನು ಮಾಚಾಂಪ್ ಮಾಡಲು ಕ್ಯಾಂಡಿ ಬೇಡ, ಇಲ್ಲದಿದ್ದರೆ 100 ಬೇಕು. ಇಬ್ಬರೂ ಒಂದೊಂದು ಮಾಚೋಕ್ ಅದಲುಬದಲು ಮಾಡಿಕೊಳ್ಳಿ. ಗ್ರೇಟ್ ಲೀಗ್‌ಗೆ ಅಂತ ಇಟ್ಟುಕೊಂಡ ಆ ಒಂದನ್ನು ಮಾತ್ರ ಇದಕ್ಕೆ ಕೊಡಬೇಡಿ, ಐವಿ ಬದಲಾಗಿ ಲೆಕ್ಕ ಕೆಡುತ್ತದೆ. ಇನ್ನೊಂದು ತಮಾಷೆ: ಎರಡು ಪೋಕೆಮಾನ್ ಹಿಡಿದ ಜಾಗಗಳ ನಡುವೆ 100 ಕಿಲೋಮೀಟರ್ ಮೀರಿ ದೂರ ಇದ್ದರೆ ಟ್ರೇಡ್‌ಗೆ 3 ಕ್ಯಾಂಡಿ ಸಿಗುತ್ತದೆ, 10ರಿಂದ 100ರ ಒಳಗೆ ಇದ್ದರೆ 2, ಹತ್ತಿರದ್ದಾದರೆ 1. ಕಲಬುರಗಿಗೂ ಬೀದರಿಗೂ ರಸ್ತೆಯಲ್ಲಿ ನೂರರ ಮೇಲೆ ಆದರೂ ನೇರ ಗೆರೆ ಎಳೆದರೆ ನೂರಕ್ಕೆ ಸ್ವಲ್ಪ ಕಡಿಮೆ. ಆಟ ನೋಡುವುದು ನೇರ ಗೆರೆಯನ್ನೇ. ಅವನು ಯಾವಾಗಲಾದರೂ ಔರಾದ್ ಕಡೆ ಹೋದರೆ ಅಲ್ಲಿ ಹಿಡಿದು ತರಲು ಹೇಳಿ, ಆಗ ನೂರು ದಾಟುತ್ತದೆ.

ಕೊನೆಗೆ ಅಕೌಂಟ್. ತಗೋಬೇಡಿ. ಅಕೌಂಟ್ ಮಾರುವುದು, ಕೊಳ್ಳುವುದು ಆಟದ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಅದನ್ನು ಮುಚ್ಚುತ್ತಾರೆ. ಮಾರಿದವರು ನಾಳೆ ಪಾಸ್‌ವರ್ಡ್ ಬದಲಿಸಿ ತಾವೇ ವಾಪಸ್ ತಗೊಂಡರೂ ನೀವು ಯಾರ ಹತ್ತಿರವೂ ದೂರು ಹೇಳುವಂತಿಲ್ಲ. ಅವರು ‘ಲೆವಲ್ 40’ ಅಂತ ತೋರಿಸುತ್ತಿರುವುದು ಟ್ರೇನರ್ ಲೆವಲ್. ಒಳಗಿರುವ ಪೋಕೆಮಾನ್‌ಗಳ ಪವರ್ ಅಪ್ ಬಟನ್ ಪಕ್ಕದ ಅಂಕಿ ಕಾಣುವ ಹಾಗೆ ಫೋಟೋ ಕಳಿಸಿ ಅಂತ ಕೇಳಿ ನೋಡಿ, ಬಹುಶಃ ಅಲ್ಲಿಗೇ ಮಾತು ನಿಲ್ಲುತ್ತದೆ.